‘ಕೊಮಂದಾಂತೆ’: ಒಂದು ಸ್ಪ್ಯಾನಿಷ್ ಸೇನಾಪದದ ಅರ್ಥ ಮತ್ತು ಬಳಕೆ

ಪರದೇಶಗಳ ಇತಿಹಾಸವನ್ನು ಕನ್ನಡದಲ್ಲಿ ಬೋಧಿಸುವವರಿಗೆ ಮೇಲಿಂದ ಮೇಲೆ ಎದುರಾಗುವ ತೊಡಕುಗಳಲ್ಲಿ ಪದವಿನಾಮಗಳ ಅನುವಾದವೂ ಒಂದು. ಯುದ್ಧಗಳ ಕಾಲ, ಸ್ಥಳ, ಕಾರಣ, ಪರಿಣಾಮಗಳನ್ನು ಎಚ್ಚರಿಕೆಯಿಂದ ಪರಿಶೀಲಿಸುವ ನಾವು, ಆ ಯುದ್ಧಗಳನ್ನು ನಡೆಸಿದವರ ಹೆಸರಿನ ಹಿಂದೆ ನಿಲ್ಲುವ ಪದವನ್ನು ಮಾತ್ರ ಕೈಗೆ ಸಿಕ್ಕಿದ ಸಮಾನಪದದಿಂದ ಸರಿದೂಗಿಸಿ ಮುಂದೆ ಸಾಗುತ್ತೇವೆ. ಇದರಿಂದ ಒದಗುವ ಹಾನಿ ಅಲ್ಪವಾದುದಲ್ಲ. ಕ್ಯೂಬಾದ ಕ್ರಾಂತಿಯನ್ನು ಕುರಿತು ನಮ್ಮ ವಿದ್ಯಾರ್ಥಿಗಳು ಬರೆಯುವ ಉತ್ತರಗಳಲ್ಲಿ ಚೆ ಗೆವಾರನು ಒಂದು ಕಡೆ ‘ಮೇಜರ್’ ಆಗಿರುತ್ತಾನೆ, ಮತ್ತೊಂದು ಕಡೆ ‘ಸೇನಾಧಿಪತಿ’ಯಾಗಿರುತ್ತಾನೆ, ಮಗುದೊಂದು ಕಡೆ ‘ದಂಡನಾಯಕ’ನಾಗಿರುತ್ತಾನೆ. ಸೇನಾಧಿಪತಿಯಾಗಿದ್ದವನು ಮೇಜರ್ ಆದದ್ದು ಯಾವ ತಪ್ಪಿಗಾಗಿ ಎಂದು ಒಬ್ಬ ವಿದ್ಯಾರ್ಥಿ ನಮ್ಮನ್ನು ಕೇಳಿದ್ದುಂಟು. ತಪ್ಪು ಗೆವಾರನದಾಗಿರಲಿಲ್ಲ, ಅನುವಾದದ್ದಾಗಿದ್ದಿತು. ಈ ಮೂರು ರೂಪಗಳ ಹಿಂದೆಯೂ ಇರುವುದು ಒಂದೇ ಸ್ಪ್ಯಾನಿಷ್ ಪದ: ಕೊಮಂದಾಂತೆ.

ಈ ಪದದ ಮೂಲಾರ್ಥವೇನು, ಅದು ಯಾವ ಯಾವ ಸಂದರ್ಭಗಳಲ್ಲಿ ಯಾವ ಯಾವ ಅರ್ಥವನ್ನು ಪಡೆದುಕೊಂಡಿದೆ, ಇಪ್ಪತ್ತನೆಯ ಶತಮಾನದ ಲ್ಯಾಟಿನ್ ಅಮೆರಿಕದ ರಾಜಕೀಯದಲ್ಲಿ ಅದಕ್ಕೆ ಅಷ್ಟು ತೂಕ ಹೇಗೆ ಬಂದಿತು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಸೇನೆಗೆ ಸಂಬಂಧಿಸಿದ ಹೆಸರುಗಳಲ್ಲಿ ಮೂರು ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕೆಂದು ಮೊದಲೇ ಸೂಚಿಸಬಯಸುತ್ತೇವೆ. ಒಂದು, ‘ದರ್ಜೆ’; ಎಂದರೆ ಸೇನೆಯ ಏಣಿಯಲ್ಲಿ ಒಬ್ಬನು ನಿಂತಿರುವ ಮೆಟ್ಟಿಲು. ಎರಡು, ‘ಅಧಿಕಾರಸ್ಥಾನ’, ಎಂದರೆ ಒಂದು ಪಡೆಯನ್ನೋ ಕೋಟೆಯನ್ನೋ ನಡೆಸುವ ಹೊಣೆ. ಮೂರು, ‘ಬಿರುದು’, ಎಂದರೆ ದರ್ಜೆ ಹೊಣೆಗಳೆರಡೂ ಇಲ್ಲದೆಹೋದರೂ ಹೆಸರಿಗೆ ಅಂಟಿಕೊಂಡು ನಿಲ್ಲುವ ಗೌರವ. ಕೊಮಂದಾಂತೆ ಎಂಬುದು ಈ ಮೂರೂ ಆಗಿದೆ. ಗೊಂದಲಕ್ಕೆ ಕಾರಣವೂ ಅದೇ.

ಪದದ ರಚನೆ

ಲ್ಯಾಟಿನ್ ಭಾಷೆಯಲ್ಲಿ ‘ಮಾನುಸ್’ ಎಂದರೆ ಕೈ. ‘ದಾರೆ’ ಎಂದರೆ ಕೊಡು. ಇವೆರಡೂ ಸೇರಿ ‘ಮಂದಾರೆ’ ಎಂಬ ಧಾತು ಆಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕೈಗೆ ಒಪ್ಪಿಸು ಎಂಬುದು ಅದರ ಮೊದಲ ಅರ್ಥ; ಕಾರ್ಯವನ್ನು ವಹಿಸು, ಆಜ್ಞಾಪಿಸು ಎಂಬುವು ಅನಂತರದವು. ಸ್ಪ್ಯಾನಿಷಿನ ‘ಕೊಮಂದಾರ್’ ಎಂಬ ಕ್ರಿಯಾಪದವು ಈ ವಂಶಕ್ಕೆ ಸೇರಿದ್ದು. ಅದಕ್ಕೆ ‘ಆಂತೆ’ ಎಂಬ ಪ್ರತ್ಯಯ ಹತ್ತಿದಾಗ ‘ಆಜ್ಞಾಪಿಸುವವನು’ ಎಂಬ ಅರ್ಥವುಳ್ಳ ಕೊಮಂದಾಂತೆ ಸಿದ್ಧವಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಕಮಾಂಡರ್, ಕಮಾಂಡೆಂಟ್, ಕಮಾಂಡೊ ಎಂಬ ಪದಗಳೂ ಇದೇ ಕುಟುಂಬದವು.

ಈ ಮೂಲಾರ್ಥದಲ್ಲಿ ದರ್ಜೆಯ ಸೂಚನೆಯೇ ಇಲ್ಲ. ಹತ್ತು ಮಂದಿಗೆ ಆಜ್ಞೆ ಮಾಡುವವನೂ, ಹತ್ತು ಸಾವಿರ ಮಂದಿಗೆ ಆಜ್ಞೆ ಮಾಡುವವನೂ ಕೊಮಂದಾಂತೆಯೇ. ಸ್ಪ್ಯಾನಿಷ್ ಮಾತನಾಡುವ ನಾಡುಗಳಲ್ಲಿ ಒಂದು ಠಾಣ್ಯದ ಮುಖ್ಯಾಧಿಕಾರಿಯನ್ನು ಹೀಗೆ ಕರೆಯುವ ರೂಢಿಯುಂಟು. ವಿಮಾನವನ್ನು ನಡೆಸುವ ಮುಖ್ಯ ಚಾಲಕನೂ ಪ್ರಯಾಣಿಕರಿಗೆ ಕೊಮಂದಾಂತೆಯೇ ಆಗಿದ್ದಾನೆ. ಇಂಥವನ ಕಚೇರಿಗೂ ಅವನ ಆಡಳಿತಕ್ಕೊಳಪಟ್ಟ ಪ್ರದೇಶಕ್ಕೂ ‘ಕೊಮಂದಾನ್ಸಿಯ’ ಎಂದು ಹೆಸರು. ದೇಶದ ಸಮಸ್ತ ಸೇನೆಗೂ ಮುಖ್ಯನಾದವನು ‘ಕೊಮಂದಾಂತೆ ಎನ್ ಹೆಫೆ’. ಇದನ್ನು ಕನ್ನಡದಲ್ಲಿ ಮಹಾದಂಡನಾಯಕ ಎಂದು ಹೇಳಬಹುದು. ಇವೆಲ್ಲವೂ ಅಧಿಕಾರಸ್ಥಾನವನ್ನು ಹೇಳುವ ಬಳಕೆಗಳು.

ದರ್ಜೆಯಾಗಿ ಕೊಮಂದಾಂತೆ

ಸ್ಪೇನ್ ದೇಶದ ಭೂಸೇನೆಯಲ್ಲಿ ಈ ಪದಕ್ಕೆ ಒಂದು ಖಚಿತವಾದ ಸ್ಥಾನವಿದೆ. ಅಲ್ಲಿ ಕ್ಯಾಪ್ಟನ್ನನ ಮೇಲೆ, ಲೆಫ್ಟಿನೆಂಟ್ ಕರ್ನಲ್ಲನ ಕೆಳಗೆ ನಿಲ್ಲುವವನು ಕೊಮಂದಾಂತೆ. ಅವನ ಗುರುತು ಎಂಟು ಮೂಲೆಗಳ ಒಂದು ನಕ್ಷತ್ರ. ಲೆಫ್ಟಿನೆಂಟ್ ಕರ್ನಲ್ಲನಿಗೆ ಅಂಥವು ಎರಡು, ಕರ್ನಲ್ಲನಿಗೆ ಮೂರು. ಭಾರತದ ಸೇನೆಯ ದರ್ಜೆಗಳೊಡನೆ ಹೋಲಿಸಿದರೆ ಇದು ನಮ್ಮ ಮೇಜರ್ ದರ್ಜೆಗೆ ಸಮನಾಗುತ್ತದೆ. ಫ್ರಾನ್ಸಿನಲ್ಲಿಯೂ ಮೇಜರ್ ದರ್ಜೆಯವನನ್ನು ‘ಕೊಮಾಂದಾಂ’ ಎಂದೇ ಕರೆಯುತ್ತಾರೆ.

ಹಾಗಾದರೆ ‘ಮೇಜರ್’ ಎಂಬ ಪದವೆಲ್ಲಿಂದ ಬಂದಿತು ಎಂಬ ಪ್ರಶ್ನೆ ಏಳುತ್ತದೆ. ಹದಿನಾರನೆಯ ಶತಮಾನದ ಸ್ಪೇನಿನ ಪ್ರಸಿದ್ಧ ಪದಾತಿದಳಗಳಾದ ‘ತೆರ್ಸಿಯೊ’ಗಳಲ್ಲಿ ದಳದ ಮುಖ್ಯನಿಗೆ ‘ಮಾಯೆಸ್ತ್ರೆ ದೆ ಕಾಂಪೊ’ ಎಂದೂ, ಅವನ ಕೈಕೆಳಗೆ ದಳದ ಶಿಸ್ತು, ವ್ಯೂಹರಚನೆ, ಬಿಡಾರಗಳನ್ನು ನೋಡಿಕೊಳ್ಳುವವನಿಗೆ ‘ಸಾರ್ಹೆಂತೊ ಮಯೋರ್’ ಎಂದೂ ಹೆಸರಿದ್ದಿತು. ‘ಮಯೋರ್’ ಎಂದರೆ ಹಿರಿಯ. ಐದನೆಯ ಫಿಲಿಪನು 1704ರಲ್ಲಿ ತೆರ್ಸಿಯೊಗಳನ್ನು ರೆಜಿಮೆಂಟುಗಳಾಗಿ ಮಾರ್ಪಡಿಸಿದಾಗ ಮಾಯೆಸ್ತ್ರೆ ದೆ ಕಾಂಪೊ ಮರೆಯಾಗಿ ಕರ್ನಲ್ ಎಂಬ ಹೆಸರು ನಿಂತಿತು. ಸಾರ್ಹೆಂತೊ ಮಯೋರ್ ಮಾತ್ರ ಇನ್ನೂ ಬಹುಕಾಲ ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪೇನ್ ಅದನ್ನು ಕೈಬಿಟ್ಟು, ಆ ಸ್ಥಾನಕ್ಕೆ ಕೊಮಂದಾಂತೆ ಎಂಬ ಹೆಸರನ್ನು ದರ್ಜೆಯಾಗಿ ಸ್ಥಿರಪಡಿಸಿತು. ಆದರೆ ಅದೇ ಶತಮಾನದ ಮೊದಲ ಪಾದದಲ್ಲಿ ಸ್ಪೇನಿನಿಂದ ಬೇರ್ಪಟ್ಟ ಮೆಕ್ಸಿಕೊ, ಕೊಲಂಬಿಯ, ಚಿಲಿ, ಅರ್ಜೆಂಟೀನ ಮೊದಲಾದ ದೇಶಗಳು ಹಳೆಯ ಹೆಸರನ್ನೇ ಸಂಕ್ಷೇಪಿಸಿ ‘ಮಯೋರ್’ ಎಂಬುದನ್ನು ಉಳಿಸಿಕೊಂಡವು. ಮಾತೃದೇಶದಲ್ಲಿ ಬಿಟ್ಟುಹೋದ ಹಳೆಯ ಪದ ಹೊರನಾಡಿನಲ್ಲಿ ಬದುಕಿ ಉಳಿಯುವುದಕ್ಕೆ ಭಾಷೆಗಳ ಚರಿತ್ರೆಯಲ್ಲಿ ಇಂಥ ನಿದರ್ಶನಗಳು ಅನೇಕ.

ಪರಿಣಾಮವೇನೆಂದರೆ, ಒಂದೇ ಭಾಷೆಯನ್ನಾಡುವ ಎರಡು ಸೇನೆಗಳಲ್ಲಿ ಒಂದೇ ದರ್ಜೆಗೆ ಎರಡು ಹೆಸರು. ಒಂದೇ ಹೆಸರಿಗೆ ಎರಡು ದರ್ಜೆ. ಪೆರು ದೇಶದ ವಾಯುಸೇನೆಯಲ್ಲಿ ಕೊಮಂದಾಂತೆ ಎಂಬವನು ಮೇಜರನಿಗೆ ಸಮನಲ್ಲ. ಅವನು ಒಂದು ಮೆಟ್ಟಿಲು ಮೇಲಿನ ಲೆಫ್ಟಿನೆಂಟ್ ಕರ್ನಲ್ಲನಿಗೆ ಸಮನು. ಆದುದರಿಂದ ಪದವನ್ನು ಕಂಡಕೂಡಲೇ ಅರ್ಥವನ್ನು ನಿಶ್ಚಯಿಸದೆ, ಯಾವ ದೇಶದ್ದು, ಯಾವ ಸೇನೆಯದು, ಯಾವ ಕಾಲದ್ದು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಹಾಕಿಕೊಳ್ಳುವುದು ಅಗತ್ಯ.

ಸ್ಪೇನಿನ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಫ್ರಾನ್ಸಿಸ್ಕೊ ಫ್ರಾಂಕೊ ಮೊರಾಕ್ಕೊದ ಯುದ್ಧದಲ್ಲಿ 1916ರಲ್ಲಿ ತೀವ್ರವಾಗಿ ಗಾಯಗೊಂಡು, ಅನಂತರ ಕೊಮಂದಾಂತೆ ದರ್ಜೆಗೆ ಏರಿ, 1917ರಲ್ಲಿ ಓವಿಯೆದೊ ನಗರಕ್ಕೆ ಬಂದನು. ಆಗ ಆತನಿಗೆ ಇಪ್ಪತ್ತನಾಲ್ಕರ ಪ್ರಾಯ, ಆಳೂ ಕುಳ್ಳು. ಊರಿನವರು ಅವನನ್ನು ‘ಕೊಮಂದಾಂತೀನ್’, ಎಂದರೆ ‘ಪುಟ್ಟ ಕೊಮಂದಾಂತೆ’ ಎಂದು ಕರೆದರು. ಮುಂದೆ 1936ರ ಅಕ್ಟೋಬರಿನಲ್ಲಿ ಅದೇ ವ್ಯಕ್ತಿ ‘ಹೆನೆರಾಲಿಸಿಮೊ’ ಆದನು. ಜನರಲ್ಲರಿಗೆಲ್ಲ ಮಿಗಿಲಾದ ಜನರಲ್ ಎಂದು ಇದರ ಅರ್ಥ. ‘ಕೌದಿಯೊ’, ಎಂದರೆ ನಾಯಕ, ಎಂಬ ಬಿರುದೂ ಅವನಿಗೆ ಸಂದಿತು. ಫ್ರಾಂಕೊವಿನ ಜೀವನದಲ್ಲಿ ಕೊಮಂದಾಂತೆ ಎಂಬುದು ಹತ್ತಿ ದಾಟಿಹೋದ ಒಂದು ಮೆಟ್ಟಿಲು. ಅಧಿಕಾರ ಬೆಳೆದಂತೆ ಹೆಸರೂ ಬೆಳೆಯಬೇಕೆಂಬುದು ಅಲ್ಲಿಯ ನಿಯಮ. ಕ್ಯೂಬಾದಲ್ಲಿ ನಡೆದುದು ಇದಕ್ಕೆ ತೀರ ಬೇರೆಯಾದುದು.

ಸಿಯೆರಾ ಮಾಯೆಸ್ತ್ರದ ಕೊಮಂದಾಂತೆಗಳು

ಕ್ಯೂಬಾ 1898ರವರೆಗೂ ಸ್ಪೇನಿನ ವಶದಲ್ಲಿದ್ದುದರಿಂದ ಅಲ್ಲಿಯ ಸೇನೆಯಲ್ಲಿ ಮೇಜರನಿಗೆ ಕೊಮಂದಾಂತೆ ಎಂಬ ಹೆಸರೇ ರೂಢಿಯಲ್ಲಿದ್ದಿತು. ಸ್ವಾತಂತ್ರ್ಯಕ್ಕಾಗಿ 1868ರಿಂದ ಮೂರು ದಶಕಗಳ ಕಾಲ ಬಿಟ್ಟು ಬಿಟ್ಟು ನಡೆದ ಹೋರಾಟಗಳಲ್ಲಿ ಕ್ರಾಂತಿಕಾರಿಗಳ ಪಡೆಯಲ್ಲೂ ಕೊಮಂದಾಂತೆಗಳಿದ್ದರು. ಅವರ ಮೇಲೆ ಕರ್ನಲ್ಲರೂ ಜನರಲ್ಲರೂ ಇದ್ದರು. ಮಾಕ್ಸಿಮೊ ಗೋಮೆಸ್, ಅಂತೋನಿಯೊ ಮಾಸೆಯೊ ಇವರು ಜನರಲ್ಲರೆಂದೇ ಪ್ರಖ್ಯಾತರು. ಕವಿಯೂ ಚಿಂತಕನೂ ಆಗಿದ್ದ ಹೊಸೆ ಮಾರ್ತಿಗೆ 1895ರಲ್ಲಿ, ರಣರಂಗದಲ್ಲಿ ಮಡಿಯುವ ಮುನ್ನ, ‘ಮಯೋರ್ ಹೆನೆರಾಲ್’ ದರ್ಜೆಯನ್ನು ಕೊಡಲಾಗಿತ್ತು. ಕ್ಯೂಬಾದ ದೇಶಭಕ್ತಿಯ ಪರಂಪರೆಯಲ್ಲಿ ಜನರಲ್ ಎಂಬ ಪದ ನಿಷಿದ್ಧವಾಗಿರಲಿಲ್ಲವೆಂಬುದನ್ನು ಇದು ತೋರಿಸುತ್ತದೆ.

ಆ ಪದಕ್ಕೆ ಕಳಂಕ ಹತ್ತಿದುದು ತರುವಾಯ. ಶೀಘ್ರಲಿಪಿಕಾರನಾಗಿದ್ದ ಫುಲ್ಹೆನ್ಸಿಯೊ ಬಟಿಸ್ಟಾ ಎಂಬ ಸಾರ್ಜೆಂಟನು 1933ರ ಸೆಪ್ಟೆಂಬರಿನಲ್ಲಿ ನಡೆದ ‘ಸಾರ್ಜೆಂಟರ ದಂಗೆ’ಯ ಮೂಲಕ ಮೇಲೆ ಬಂದು ಒಮ್ಮೆಗೇ ಕರ್ನಲ್ಲನಾದನು, ಮುಂದೆ ಜನರಲ್ಲನಾದನು, 1952ರ ಮಾರ್ಚ್ 10ರಂದು ಸೇನೆಯ ಬಲದಿಂದ ರಾಜ್ಯಾಧಿಕಾರವನ್ನು ಕಸಿದುಕೊಂಡನು. ದರ್ಜೆ ಎಂಬುದು ಯುದ್ಧದಲ್ಲಿ ಗಳಿಸುವ ವಸ್ತುವಾಗಿರದೆ ಅರಮನೆಯಲ್ಲಿ ಹಂಚುವ ವಸ್ತುವಾಯಿತು. ಈ ಸೇನೆಯ ವಿರುದ್ಧ ಫಿಡೆಲ್ ಕ್ಯಾಸ್ಟ್ರೊ ಮತ್ತು ಆತನ ಸಂಗಡಿಗರು ‘ಗ್ರಾನ್ಮಾ’ ಎಂಬ ಹಡಗಿನಲ್ಲಿ 82 ಮಂದಿಯಾಗಿ 1956ರ ಡಿಸೆಂಬರ್ 2ರಂದು ಕ್ಯೂಬಾದ ತೀರವನ್ನು ಮುಟ್ಟಿ, ಉಳಿದ ಕೆಲವರು ಸಿಯೆರಾ ಮಾಯೆಸ್ತ್ರ ಪರ್ವತಗಳನ್ನು ಸೇರಿದರು. ಅವರು ಕಟ್ಟಿದ ಬಂಡಾಯ ಸೇನೆಯಲ್ಲಿ ಕೊಮಂದಾಂತೆಯೇ ಕೊನೆಯ ದರ್ಜೆ. ಅದರ ಮೇಲೆ ಕರ್ನಲ್ ಇಲ್ಲ, ಜನರಲ್ ಇಲ್ಲ. ಜನರಲ್ಲರ ಆಳಿಕೆಯನ್ನು ಕಿತ್ತೊಗೆಯಲು ಹೊರಟವರು ತಾವೇ ಜನರಲ್ಲರೆನಿಸಿಕೊಳ್ಳಲು ಒಪ್ಪಲಿಲ್ಲವೆಂದು ಇದನ್ನು ಸಾಮಾನ್ಯವಾಗಿ ವಿವರಿಸುತ್ತಾರೆ. ಕೆಲವು ನೂರು ಮಂದಿಯ ಪಡೆಗೆ ಜನರಲ್ಲನ ಅಗತ್ಯವೂ ಇರಲಿಲ್ಲವೆಂಬುದನ್ನು ನಾವು ಇದಕ್ಕೆ ಸೇರಿಸಬಹುದು.

ಈ ದರ್ಜೆ ಆಗ ಎಷ್ಟು ಸರಳವಾಗಿಯೂ ಎಷ್ಟು ಅಮೂಲ್ಯವಾಗಿಯೂ ಇದ್ದಿತೆಂಬುದಕ್ಕೆ ಗೆವಾರನು ತಾನೇ ಬರೆದಿಟ್ಟಿರುವ ಪ್ರಸಂಗವೊಂದು ಸಾಕ್ಷಿ. ವೈದ್ಯನಾಗಿ ದಂಡಿನೊಡನೆ ಬಂದಿದ್ದ ಆತನನ್ನು 1957ರ ಜುಲೈ ತಿಂಗಳಲ್ಲಿ ಕೊಮಂದಾಂತೆಯಾಗಿ ಮಾಡಲಾಯಿತು. ಸಾಂತಿಯಾಗೊ ನಗರದ ಸಂಘಟಕನಾದ ಫ್ರಾಂಕ್ ಪಾಯಿಸನ ತಮ್ಮನು ಪೋಲೀಸರ ಗುಂಡಿಗೆ ಬಲಿಯಾದಾಗ, ಬಂಡಾಯ ಸೇನೆಯ ಅಧಿಕಾರಿಗಳು ಅವನಿಗೆ ಸಂತಾಪಪತ್ರವೊಂದನ್ನು ಬರೆದು ಸಹಿಮಾಡುತ್ತಿದ್ದರು. ಗೆವಾರನ ಸರದಿ ಬಂದಾಗ ಹೆಸರಿನ ಮುಂದೆ ಕೊಮಂದಾಂತೆ ಎಂದು ಬರೆಯುವಂತೆ ಕ್ಯಾಸ್ಟ್ರೊ ಹೇಳಿದನು. ಸಮಾರಂಭವಿಲ್ಲ, ಆಜ್ಞಾಪತ್ರವಿಲ್ಲ. ಸೇಲಿಯಾ ಸಾಂಚೆಸ್ ಎಂಬಾಕೆ ಒಂದು ಪುಟ್ಟ ನಕ್ಷತ್ರವನ್ನೂ ಒಂದು ಕೈಗಡಿಯಾರವನ್ನೂ ಆತನಿಗೆ ಕೊಟ್ಟಳು. ಅಹಂಕಾರದ ಅಂಶ ಎಲ್ಲರಲ್ಲಿಯೂ ಇರುವುದೆಂದೂ, ಆ ದಿನ ತನಗಿಂತ ಹೆಮ್ಮೆಪಟ್ಟವನು ಭೂಮಿಯ ಮೇಲೆ ಇರಲಿಲ್ಲವೆಂದೂ ಆತನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ಅವನಿಗೆ ವಹಿಸಿದ ಪಡೆ ಆ ಸೇನೆಯಲ್ಲಿ ಎರಡನೆಯದಾಗಿದ್ದರೂ ಶತ್ರುವನ್ನು ದಾರಿತಪ್ಪಿಸಲು ಅದಕ್ಕೆ ನಾಲ್ಕನೆಯ ಪಡೆ ಎಂದು ಹೆಸರಿಟ್ಟಿದ್ದರು. 1960ರ ಮಾರ್ಚ್ 5ರಂದು ಹವಾನಾದಲ್ಲಿ ಅಲ್ಬೆರ್ತೊ ಕೋರ್ದಾ ತೆಗೆದ, ಇಂದು ಲೋಕವಿಖ್ಯಾತವಾಗಿರುವ ಭಾವಚಿತ್ರದಲ್ಲಿ ಗೆವಾರನ ಟೊಪ್ಪಿಗೆಯ ಮೇಲೆ ಕಾಣುವ ನಕ್ಷತ್ರ ಆ ದರ್ಜೆಯ ಗುರುತೇ.

ದರ್ಜೆಯಿಂದ ಬಿರುದಿಗೆ

ಬಟಿಸ್ಟಾ 1959ರ ಜನವರಿ 1ರಂದು ದೇಶಬಿಟ್ಟು ಓಡಿದನು. ಅಂದಿನಿಂದ ಕೊಮಂದಾಂತೆ ಎಂಬ ಪದದ ಎರಡನೆಯ ಜೀವನ ಆರಂಭವಾಗುತ್ತದೆ. ಪರ್ವತದಲ್ಲಿ ಪಡೆ ನಡೆಸಿದವರು ಈಗ ರಾಜ್ಯ ನಡೆಸಬೇಕಾಯಿತು. ಗೆವಾರನು 1959ರ ನವೆಂಬರಿನಲ್ಲಿ ರಾಷ್ಟ್ರೀಯ ಬ್ಯಾಂಕಿನ ಅಧ್ಯಕ್ಷನಾದನು. 1961ರಲ್ಲಿ ಕೈಗಾರಿಕಾ ಮಂತ್ರಿಯಾದನು. ಆದರೂ ಜನರ ಬಾಯಲ್ಲಿ ಆತನು ಕೊಮಂದಾಂತೆಯೇ. ಬ್ಯಾಂಕಿನ ಅಧ್ಯಕ್ಷನಿಗೆ ಸೇನೆಯ ದರ್ಜೆ ಏತಕ್ಕೆಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಏಕೆಂದರೆ ಆ ಹೊತ್ತಿಗೆ ಅದು ಸೇನೆಯ ದರ್ಜೆಯಾಗಿ ಉಳಿದಿರಲಿಲ್ಲ. ಕ್ರಾಂತಿಯಲ್ಲಿ ಆತನಿಗಿದ್ದ ಹಿರಿತನದ ಹೆಸರಾಗಿದ್ದಿತು.

ಈ ಸ್ಥಿತ್ಯಂತರದ ನಡುವಿನಲ್ಲೇ, 1959ರ ಜೂನ್ ಕೊನೆಯಲ್ಲಿ, ಗೆವಾರನು ಕ್ಯೂಬಾದ ನಿಯೋಗದ ನಾಯಕನಾಗಿ ಭಾರತಕ್ಕೂ ಬಂದು ಪ್ರಧಾನಿ ನೆಹರೂ ಅವರನ್ನು ಭೇಟಿಮಾಡಿದನು. ಆಗ ಆತನು ಮಂತ್ರಿಯಾಗಿರಲಿಲ್ಲ, ರಾಯಭಾರಿಯೂ ಆಗಿರಲಿಲ್ಲ. ಹೆಸರಿನ ಹಿಂದೆ ಹೇಳಿಕೊಳ್ಳಲು ಇದ್ದುದು ಕೊಮಂದಾಂತೆ ಎಂಬ ಒಂದೇ ಮಾತು. ಅದೇ ವರ್ಷಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪತ್ರಿಕೆಗಳು ಆತನನ್ನು ‘ಮೇಜರ್ ಗೆವಾರ’ ಎಂದು ಬರೆಯುತ್ತಿದ್ದವು. ದರ್ಜೆಗಳ ಪಟ್ಟಿಯ ಪ್ರಕಾರ ಅದು ತಪ್ಪಲ್ಲ. ಆದರೆ ಆ ದೇಶದ ಸೇನೆಯಲ್ಲಿ ಮೇಜರನ ಮೇಲೆ ಅನೇಕ ಮಂದಿ ಇರುತ್ತಾರೆ. ಕ್ಯೂಬಾದ ಬಂಡಾಯ ಸೇನೆಯಲ್ಲಿ ಕೊಮಂದಾಂತೆಯ ಮೇಲೆ ಇದ್ದವನು ಒಬ್ಬನೇ. ಶಬ್ದಾರ್ಥದಲ್ಲಿ ಸರಿಯಾದ ಅನುವಾದವು ಇತಿಹಾಸದ ದೃಷ್ಟಿಯಿಂದ ತಪ್ಪಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಮೇಲಿದ್ದ ಆ ಒಬ್ಬನ ವಿಷಯವೇ ಈ ಪದದ ಚರಿತ್ರೆಯಲ್ಲಿ ಮುಖ್ಯವಾದ ಅಂಶ. ಕ್ಯಾಸ್ಟ್ರೊ ಸ್ವತಃ ‘ಕೊಮಂದಾಂತೆ ಎನ್ ಹೆಫೆ’. ದರ್ಜೆಯ ದೃಷ್ಟಿಯಿಂದ ಎಲ್ಲ ಕೊಮಂದಾಂತೆಗಳೂ ಸಮಾನರೆಂದು ತೋರಿದರೂ, ‘ಎನ್ ಹೆಫೆ’ ಎಂಬ ಎರಡು ಚಿಕ್ಕ ಮಾತುಗಳಲ್ಲಿ ಸಮಸ್ತ ಅಧಿಕಾರವೂ ಅಡಗಿದ್ದಿತು. ಜನರಲ್ಲರನ್ನು ತೆಗೆದುಹಾಕಿದ ಏಣಿಯಲ್ಲಿ ಮೆಟ್ಟಿಲುಗಳು ಕಡಮೆಯಾದುವೇ ಹೊರತು ಏಣಿಯ ಎತ್ತರ ಕಡಮೆಯಾಗಲಿಲ್ಲ. ಇದರ ಅರ್ಥ ಕೂಡಲೇ ಪ್ರಕಟವಾಯಿತು. ಕೊಮಂದಾಂತೆ ಊಬೆರ್ ಮಾತೋಸನು ಸರ್ಕಾರದಲ್ಲಿ ಕಮ್ಯೂನಿಸ್ಟರ ಪ್ರಾಬಲ್ಯ ಹೆಚ್ಚುತ್ತಿದೆಯೆಂದು ಆಕ್ಷೇಪಿಸಿ 1959ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟನು. ಅವನನ್ನು ಬಂಧಿಸಲು ಹೋದವನು ಕೊಮಂದಾಂತೆ ಕಮೀಲೊ ಸಿಯೆನ್‌ಫುಯೆಗೋಸ್. ಮಾತೋಸನಿಗೆ ಇಪ್ಪತ್ತು ವರ್ಷಗಳ ಸೆರೆಯಾಯಿತು. 1979ರವರೆಗೂ ಆತನು ಅದನ್ನು ಪೂರ್ತಿಯಾಗಿ ಅನುಭವಿಸಿದನು. ಅವನನ್ನು ಬಂಧಿಸಿದ ಕಮೀಲೊ ಕೆಲವೇ ದಿನಗಳಲ್ಲಿ, ಅಕ್ಟೋಬರ್ 28ರಂದು, ವಿಮಾನದೊಡನೆ ಕಾಣೆಯಾದನು. ಅಮೆರಿಕದಲ್ಲಿ ಹುಟ್ಟಿ ಕ್ಯೂಬಾದ ಕ್ರಾಂತಿಯಲ್ಲಿ ಕೊಮಂದಾಂತೆಯಾಗಿದ್ದ ವಿಲಿಯಂ ಮಾರ್ಗನ್ನನನ್ನು 1961ರ ಮಾರ್ಚಿನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ನಕ್ಷತ್ರವು ಗೌರವವನ್ನು ತಂದಿತು, ರಕ್ಷಣೆಯನ್ನು ತರಲಿಲ್ಲ.

ಗೆವಾರನು ಕ್ಯೂಬಾವನ್ನು ಬಿಟ್ಟು ಹೋಗುವಾಗ ಬರೆದ ವಿದಾಯಪತ್ರವನ್ನು ಕ್ಯಾಸ್ಟ್ರೊ 1965ರ ಅಕ್ಟೋಬರ್ 3ರಂದು ಸಭೆಯಲ್ಲಿ ಓದಿದನು. ಪಕ್ಷದಲ್ಲಿನ ಹೊಣೆ, ಮಂತ್ರಿಪದವಿ, ಕೊಮಂದಾಂತೆ ದರ್ಜೆ, ಕ್ಯೂಬಾದ ಪೌರತ್ವ ಇವೆಲ್ಲವನ್ನೂ ಆತನು ಅದರಲ್ಲಿ ಒಂದೊಂದಾಗಿ ತ್ಯಜಿಸುತ್ತಾನೆ. ದರ್ಜೆಯನ್ನು ಪ್ರತ್ಯೇಕವಾಗಿ ಹೆಸರಿಸಿ ಬಿಟ್ಟುಕೊಟ್ಟುದನ್ನು ಗಮನಿಸಬೇಕು. ಅದನ್ನು ಆತನು ಬಿರುದೆಂದು ಎಣಿಸಿರಲಿಲ್ಲ. ಹಿಂದಿರುಗಿಸಬಹುದಾದ, ಹಿಂದಿರುಗಿಸಬೇಕಾದ ಒಂದು ಹೊಣೆಯೆಂದು ಎಣಿಸಿದ್ದನು. ಆದರೆ ಲೋಕ ಹಾಗೆ ಎಣಿಸಲಿಲ್ಲ. ಆ ಪತ್ರವನ್ನು ಕೇಳಿ ಕಾರ್ಲೋಸ್ ಪುಯೆಬ್ಲಾ ರಚಿಸಿದ ವಿದಾಯಗೀತೆಯು ಆತನನ್ನು ಕೊಮಂದಾಂತೆ ಎಂದೇ ಸಂಬೋಧಿಸುತ್ತದೆ. ಗೆವಾರನು 1967ರ ಅಕ್ಟೋಬರ್ 9ರಂದು ಬೊಲಿವಿಯದಲ್ಲಿ ಹತನಾದ ಮೇಲೆ ಆ ಹಾಡಿನೊಡನೆ ಆ ಪದವೂ ಸ್ಪ್ಯಾನಿಷ್ ಬಾರದ ನಾಡುಗಳಿಗೂ ಹಬ್ಬಿತು. ಬಿಟ್ಟುಕೊಟ್ಟ ದರ್ಜೆ ಬಿಡಿಸಲಾಗದ ಬಿರುದಾಯಿತು.

ಇತ್ತ ಕ್ಯೂಬಾದ ಸೇನೆ ದೊಡ್ಡದಾಗುತ್ತ ಬಂದು, ದರ್ಜೆಗಳನ್ನು ಇತರ ದೇಶಗಳ ಮಾದರಿಗೆ ಹೊಂದಿಸುವುದು ಅನಿವಾರ್ಯವಾಯಿತು. 1970ರ ದಶಕದ ಸುಧಾರಣೆಗಳ ಮೂಲಕ ಜನರಲ್ ಎಂಬ ದರ್ಜೆ ಹಿಂದಿರುಗಿತು. ರಾವುಲ್ ಕ್ಯಾಸ್ಟ್ರೊ 1976ರಲ್ಲಿ ‘ಹೆನೆರಾಲ್ ದೆ ಎಹೆರ್ಸಿತೊ’, ಎಂದರೆ ಸೇನೆಯ ಜನರಲ್, ಆದನು. ಇಂದು ಕ್ಯೂಬಾದ ಸೇನೆಯಲ್ಲಿ ಕ್ಯಾಪ್ಟನ್ನನ ಮೇಲೆ ನಿಲ್ಲುವವನಿಗೆ ‘ಮಯೋರ್’ ಎಂದು ಹೆಸರು. ಕೊಮಂದಾಂತೆ ಎಂಬುದು ಆ ಮೆಟ್ಟಿಲನ್ನು ತೆರವುಮಾಡಿ, ‘ಕ್ರಾಂತಿಯ ಕೊಮಂದಾಂತೆ’ ಎಂಬ ಗೌರವನಾಮವಾಗಿ ಹ್ವಾನ್ ಅಲ್ಮೇದಾ, ರಾಮೀರೊ ವಾಲ್ದೇಸ್, ಗಿಯೆರ್ಮೊ ಗಾರ್ಸಿಯಾ ಎಂಬ ಮೂವರು ಹಿರಿಯರ ಹೆಸರಿನೊಡನೆ ಸೇರಿಕೊಂಡಿತು. ಫಿಡೆಲ್ ಕ್ಯಾಸ್ಟ್ರೊ ಮಾತ್ರ 2016ರ ನವೆಂಬರ್ 25ರಂದು ತೀರಿಕೊಂಡಾಗಲೂ ಜನರಿಗೆ ‘ಕೊಮಂದಾಂತೆ’ ಆಗಿಯೇ ಇದ್ದನು. ಹೆಸರು ಬೇರೆ ಬೇಕಾಗಿಯೇ ಇರಲಿಲ್ಲ.

ಇತರ ನಾಡುಗಳಲ್ಲಿ

ಕ್ಯೂಬಾದಿಂದ ಈ ಪದ ಇತರ ಕ್ರಾಂತಿಗಳಿಗೆ ಹರಡಿತು. ನಿಕರಾಗುವದ ಸಾಂದಿನಿಸ್ತ ಹೋರಾಟಗಾರರಲ್ಲಿ ಸುಮಾರು 25 ಮಂದಿ 1978ರ ಆಗಸ್ಟ್ 22ರಂದು ಮನಾಗುವ ನಗರದ ರಾಷ್ಟ್ರೀಯ ಭವನವನ್ನು ವಶಪಡಿಸಿಕೊಂಡಾಗ, ಅವರ ಮುಂದಾಳುಗಳು ಹೆಸರಿನ ಬದಲು ಅಂಕಿಗಳನ್ನು ಇಟ್ಟುಕೊಂಡಿದ್ದರು. ಏದೆನ್ ಪಾಸ್ತೋರಾ ‘ಕೊಮಂದಾಂತೆ ಸೊನ್ನೆ’, ಊಗೊ ತೋರ್ರೆಸ್ ‘ಕೊಮಂದಾಂತೆ ಒಂದು’, ಇಪ್ಪತ್ತೆರಡು ವಯಸ್ಸಿನ ದೋರಾ ಮರಿಯಾ ತೇಯೆಸ್ ‘ಕೊಮಂದಾಂತೆ ಎರಡು’. ವ್ಯಕ್ತಿಗಿಂತ ಕಾರ್ಯ ದೊಡ್ಡದೆಂಬ ಭಾವನೆ ಈ ಅಂಕಿಗಳಲ್ಲಿ ಕಾಣುತ್ತದೆ. 1979ರ ಜುಲೈ 19ರಂದು ಕ್ರಾಂತಿ ಗೆದ್ದ ಮೇಲೆ ರಾಷ್ಟ್ರೀಯ ನಿರ್ದೇಶಕ ಮಂಡಲಿಯ ಒಂಬತ್ತು ಮಂದಿಗೆ ‘ಕ್ರಾಂತಿಯ ಕೊಮಂದಾಂತೆ’ ಎಂಬ ಬಿರುದು ದೊರೆಯಿತು. ಅವರಲ್ಲಿ ಒಬ್ಬನು ದಾನಿಯೆಲ್ ಒರ್ತೇಗಾ. 1974ರ ಡಿಸೆಂಬರಿನ ದಾಳಿಯೊಂದರ ಫಲವಾಗಿ ಒರ್ತೇಗಾ ಸೆರೆಯಿಂದ ಬಿಡುಗಡೆ ಹೊಂದಿದ್ದನು. ಆ ದಾಳಿಯಲ್ಲಿ ಪಾಲ್ಗೊಂಡವರಲ್ಲಿ ತೋರ್ರೆಸ್ ಒಬ್ಬನು. ಅದೇ ಒರ್ತೇಗಾನ ಸರ್ಕಾರ 2021ರ ಜೂನಿನಲ್ಲಿ ತೋರ್ರೆಸನನ್ನೂ ತೇಯೆಸಳನ್ನೂ ಬಂಧಿಸಿತು. ತೋರ್ರೆಸ್ 2022ರ ಫೆಬ್ರವರಿಯಲ್ಲಿ ಬಂಧನದಲ್ಲಿದ್ದಾಗಲೇ ಮೃತನಾದನು. ತೇಯೆಸಳನ್ನು 2023ರ ಫೆಬ್ರವರಿಯಲ್ಲಿ ದೇಶದಿಂದ ಹೊರಕ್ಕೆ ಕಳುಹಿಸಲಾಯಿತು. ಕೊಮಂದಾಂತೆಯೊಬ್ಬನನ್ನು ಕೊಮಂದಾಂತೆಗಳು ಬಿಡಿಸಿದರು. ಬಿಡುಗಡೆಯಾದವನು ಬಿಡಿಸಿದವರನ್ನು ಬಂಧಿಸಿದನು. ಪದ ಒಂದೇ ಆಗಿದ್ದರೂ ಅದರ ಒಳಗಿನ ವಸ್ತು ಈ ನಲವತ್ತು ವರ್ಷಗಳಲ್ಲಿ ಎಷ್ಟು ಬದಲಾಯಿತೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ವೆನೆಸುವೆಲದ ಊಗೊ ಚಾವೆಸನು 1992ರ ಫೆಬ್ರವರಿ 4ರಂದು ವಿಫಲವಾದ ಸೇನಾದಂಗೆಯನ್ನು ನಡೆಸಿದಾಗ ಲೆಫ್ಟಿನೆಂಟ್ ಕರ್ನಲ್ಲನಾಗಿದ್ದನು. ಬೆಂಬಲಿಗರಿಗೆ ಆತನು ‘ಮಿ ಕೊಮಂದಾಂತೆ’, ಎಂದರೆ ‘ನನ್ನ ಕೊಮಂದಾಂತೆ’. ಸ್ಪೇನಿನ ಸೇನೆಯಲ್ಲಿ ಮೇಲಧಿಕಾರಿಯನ್ನು ‘ನನ್ನ’ ಎಂಬ ಮಾತಿನೊಡನೆ ಸಂಬೋಧಿಸುವುದು ಬರಿಯ ಶಿಷ್ಟಾಚಾರ. ಜನಸಾಮಾನ್ಯರ ಬಾಯಲ್ಲಿ ಅದು ಮಮತೆಯಾಗಿ ಪರಿಣಮಿಸಿತು. 2013ರ ಮಾರ್ಚ್ 5ರಂದು ಆತನು ಮೃತನಾದ ಮೇಲೆ ‘ಶಾಶ್ವತ ಕೊಮಂದಾಂತೆ’ ಎಂದು ಕರೆಯತೊಡಗಿದರು. ಇಲ್ಲಿ ‘ಮೇಜರ್’ ಎಂದು ಅನುವಾದಿಸುವವನು ಚಾವೆಸನನ್ನು ಒಂದು ಮೆಟ್ಟಿಲು ಕೆಳಕ್ಕೆ ಇಳಿಸಿದಂತಾಗುತ್ತದೆ.

ಮೆಕ್ಸಿಕೊದ ಚಿಯಾಪಸ್ ಪ್ರಾಂತದಲ್ಲಿ 1994ರ ಜನವರಿ 1ರಂದು ದಂಗೆಯೆದ್ದ ಸಪಾತಿಸ್ತರು ಈ ಪದವನ್ನು ತಿರುಗುಮುರುಗಾಗಿಸಿದರು. ಲೋಕಕ್ಕೆಲ್ಲ ಪರಿಚಿತನಾದ ಅವರ ವಕ್ತಾರ ಮಾರ್ಕೋಸನು ‘ಸುಬ್‌ಕೊಮಂದಾಂತೆ’, ಎಂದರೆ ಉಪಕೊಮಂದಾಂತೆ. ಮೂಲನಿವಾಸಿ ಸಮುದಾಯಗಳ ಪ್ರತಿನಿಧಿಗಳೇ ಕೊಮಂದಾಂತೆಗಳು. ಸೇನೆಯನ್ನು ನಡೆಸುವವನು ಅವರ ಆಜ್ಞೆಗೆ ಒಳಪಟ್ಟವನು. ಕೊಮಂದಾಂತ ಎಸ್ತೆರ್ ಎಂಬ ಮೂಲನಿವಾಸಿ ಮಹಿಳೆ 2001ರ ಮಾರ್ಚ್ 28ರಂದು ಮೆಕ್ಸಿಕೊದ ಶಾಸನಸಭೆಯಲ್ಲಿ ಮಾತನಾಡಿ ಇದೇ ಅಂಶವನ್ನು ವಿಶದಪಡಿಸಿದಳು. ಆಕೆಯ ಹೆಸರಿನೊಡನೆ ಬಂದ ಸ್ತ್ರೀಲಿಂಗ ರೂಪವೂ ಗಮನಾರ್ಹ. ‘ಉಪ’ ಎಂಬ ಪೂರ್ವಪದವನ್ನು ಬಿಟ್ಟು ಬರೆದರೆ ಆ ಚಳವಳಿಯ ತತ್ತ್ವವನ್ನೇ ಬಿಟ್ಟಂತೆ ಆಗುವುದು.

ಕನ್ನಡದಲ್ಲಿ ಹೇಗೆ?

ಈ ಪದದ ಬಂಧುಗಳು ದಕ್ಷಿಣ ಭಾರತಕ್ಕೆ ಹೊಸಬರಲ್ಲ. ಇಂಗ್ಲಿಷ್ ಕಂಪೆನಿಯ ಸಿಪಾಯಿಗಳಿಗೆ ಕಮಾಂಡೆಂಟನಾಗಿದ್ದು, ಅನಂತರ ದಂಗೆಯೆದ್ದು 1764ರಲ್ಲಿ ಮಧುರೆಯಲ್ಲಿ ಗಲ್ಲಿಗೇರಿದ ಯೂಸುಫ್ ಖಾನನನ್ನು ತಮಿಳರು ‘ಕುಮ್ಮಂದಾನ್’ ಎಂದೇ ನೆನೆಯುತ್ತಾರೆ. ಇಂದು ಕರ್ನಾಟಕ ರಾಜ್ಯ ಮೀಸಲು ಪೋಲೀಸ್ ಪಡೆಯ ಒಂದೊಂದು ದಳದ ಮುಖ್ಯನೂ ಕಮಾಂಡೆಂಟನೇ. ಆದರೆ ಬಂಧುತ್ವವು ಸಮಾನಾರ್ಥಕತೆಯಲ್ಲ. ‘ದಂಡನಾಯಕ’ ಎಂಬ ನಮ್ಮ ಹಳೆಯ ಪದವನ್ನು ಬಳಸುವ ಆಸೆ ಸಹಜವಾದುದು. ಆದರೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಅರಸನ ಕೈಕೆಳಗಿನ ಮಹಾಪ್ರಧಾನನೂ ಆಗಿದ್ದನು. ಅರಸನಿಂದ ಬಂದ ಅಧಿಕಾರದ ವಾಸನೆ ಆ ಪದದಲ್ಲಿದೆ. ಅರಸನಿಲ್ಲದ ಕ್ರಾಂತಿಕಾರಿಗೆ ಅದು ಒಪ್ಪುವುದಿಲ್ಲ. ಹೋಲಿಕೆಯೇ ಬೇಕಾದರೆ ಮೈಸೂರಿನ ‘ದಳವಾಯಿ’ ಹೆಚ್ಚು ಹತ್ತಿರವಾದೀತು. ಹದಿನೆಂಟನೆಯ ಶತಮಾನದಲ್ಲಿ ಕಳಲೆಯ ದೇವರಾಜಯ್ಯ, ನಂಜರಾಜಯ್ಯ ಸೋದರರ ಕಾಲಕ್ಕೆ ದಂಡನ್ನು ನಡೆಸುವವನ ಹೆಸರೇ ರಾಜ್ಯವನ್ನು ನಡೆಸುವವನ ಹೆಸರಾಗಿದ್ದಿತು. ಹೆಸರು ಸೇವಕನದು, ಅಧಿಕಾರ ಒಡೆಯನದು.

ಮೇಲ್ಕಂಡ ವಿವೇಚನೆಯಿಂದ ನಾವು ಸೂಚಿಸಬಯಸುವ ಕ್ರಮವಿಷ್ಟು. ಸ್ಪೇನಿನ ಸೇನೆಯ ದರ್ಜೆಯನ್ನು ಹೇಳುವಾಗ ‘ಮೇಜರ್’ ಎಂಬುದು ಸಾಕು. ಪಡೆ, ಠಾಣ್ಯ, ಕೋಟೆಗಳ ಹೊಣೆಯನ್ನು ಹೇಳುವಾಗ ‘ಮುಖ್ಯಾಧಿಕಾರಿ’ ಎನ್ನಬಹುದು. 1956ರ ಅನಂತರದ ಕ್ಯೂಬಾ, ಮತ್ತು ಅದನ್ನು ಅನುಸರಿಸಿದ ಚಳವಳಿಗಳ ಸಂದರ್ಭದಲ್ಲಿ ‘ಕೊಮಂದಾಂತೆ’ ಎಂಬ ಮೂಲಪದವನ್ನೇ ಉಳಿಸಿಕೊಂಡು, ಮೊದಲ ಬಾರಿ ಬಂದಾಗ ಒಂದು ವಾಕ್ಯದಲ್ಲಿ ವಿವರಿಸುವುದು ಲೇಸು. ಕ್ಯಾಪ್ಟನ್, ಕರ್ನಲ್ ಎಂಬ ಪದಗಳನ್ನು ಅರಗಿಸಿಕೊಂಡ ಕನ್ನಡಕ್ಕೆ ಇದೊಂದು ಹೊರೆಯಾಗದು.

ಇದು ಕೇವಲ ಪದಚರ್ಚೆಯೆಂದು ಓದುಗರು ಭಾವಿಸಬಾರದು. ಜನರಲ್ಲರನ್ನು ಒಲ್ಲೆವೆಂದು ಒಂದು ಸಣ್ಣ ದರ್ಜೆಯಲ್ಲಿ ನಿಂತವರು ಆ ದರ್ಜೆಯನ್ನೇ ಜನರಲ್ಲರಿಗಿಂತ ಎತ್ತರಕ್ಕೆ ಏರಿಸಿದ ಕಥೆ ಈ ಪದದಲ್ಲಿ ಹುದುಗಿದೆ. ‘ಮೇಜರ್’ ಎಂದು ಬರೆದರೆ ಆ ಎತ್ತರ ಕಾಣುವುದಿಲ್ಲ. ‘ಸೇನಾಧಿಪತಿ’ ಎಂದು ಬರೆದರೆ ಆರಂಭದ ಆ ವಿನಯ ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ಕಾಣದವನಿಗೆ ಆ ಕ್ರಾಂತಿಗಳ ಆಸೆಯೂ ಅರ್ಥವಾಗದು, ಅವುಗಳ ಸೋಲೂ ಅರ್ಥವಾಗದು. ಹೆಸರು ಚಿಕ್ಕದಾದ ಮಾತ್ರಕ್ಕೆ ಅಧಿಕಾರ ಚಿಕ್ಕದಾಗುವುದಿಲ್ಲವೆಂಬ ಎಚ್ಚರವನ್ನು ವಿದ್ಯಾರ್ಥಿಗಳಲ್ಲಿ ಮೂಡಿಸಲು ಈ ಒಂದು ಪದದ ವಿವರಣೆ ನೆರವಾದರೆ ನಮ್ಮ ಪ್ರಯತ್ನ ಸಾರ್ಥಕ.